ಪದ್ಯ ಒಂದು, ಅರ್ಥ ಹಲವು: ಗೆಳೆಯರೊಡನೆ ಕಲ್ಪನೆಯ ಲೋಕ ಕಟ್ಟುವ ಬಗೆ

ತಾಳಮದ್ದಳೆ ಎಂದರೆ ಯಕ್ಷಗಾನದ್ದೇ ಒಂದು ರೂಪ, ಆದರೆ ಅದರ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಅದಕ್ಕೆ ಮಾತು ಕಟ್ಟುತ್ತಾರೆ. ಪದ್ಯದಲ್ಲಿ ಕರ್ಣ ಸಾಯುತ್ತಾನೆಂದಿದ್ದರೆ ಸಾಯಲೇಬೇಕು, ಎಂಥ ದೊಡ್ಡ ಅರ್ಥಧಾರಿಯೂ ಅದನ್ನು ತಪ್ಪಿಸಲಾರ. ಆದರೆ ಅವನು ಸತ್ತದ್ದು ಯಾಕೆ, ತಪ್ಪು ಯಾರದ್ದು, ಕೃಷ್ಣ ಮಾಡಿದ್ದು ಸರಿಯೇ ಎಂಬುದೆಲ್ಲ ಆ ರಾತ್ರಿ ಕುಳಿತ ಇಬ್ಬರ ಮಾತಿಗೆ ಬಿಟ್ಟದ್ದು. ನಾಳೆ ಇನ್ನೊಂದು ಊರಿನಲ್ಲಿ ಅದೇ ಪದ್ಯಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ. ಎರಡನ್ನೂ ಕೇಳಿದವರು ಯಾವುದು ನಿಜ ಎಂದು ಜಗಳಕ್ಕೆ ನಿಲ್ಲುವುದಿಲ್ಲ.

ನಾವು ಐದು ಜನ ಗೆಳೆಯರು ಒಂದು ಕಲ್ಪನೆಯ ಲೋಕ ಕಟ್ಟಲು ಹೊರಟಾಗ ಈ ದಾರಿ ತಕ್ಷಣ ಹೊಳೆಯಲಿಲ್ಲ. ಮೊದಲ ಪ್ರಯತ್ನದಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ದೇವರುಗಳ ವಂಶವೃಕ್ಷದಿಂದ ಶುರು. ಯಾವ ದೇವರು ಹಿರಿಯ, ಯಾರು ಯಾರನ್ನು ಸೃಷ್ಟಿಸಿದರು ಎಂಬ ಚರ್ಚೆಯಲ್ಲೇ ನಾಲ್ಕು ಭಾನುವಾರ ಹೋದವು. ಐದನೇ ವಾರ ನಮ್ಮಲ್ಲೊಬ್ಬರು ಮನೆಯಲ್ಲಿ ಕೂತು 40 ಪುಟ ಬರೆದು ತಂದರು. ಬರಹ ಚೆನ್ನಾಗಿಯೇ ಇತ್ತು. ಆದರೆ ಓದಿ ಮುಗಿಸಿದ ಮೇಲೆ ಉಳಿದ ನಾಲ್ವರಿಗೆ ಹೇಳಲು ಏನೂ ಉಳಿದಿರಲಿಲ್ಲ. ಆ ಲೋಕ ಅಲ್ಲಿಗೇ ನಿಂತಿತು.

ಎರಡನೇ ಸಲ ಕೂತಾಗ ಕುಂದಾಪುರ ಕಡೆಯ ಗೆಳತಿ ತಾಳಮದ್ದಳೆಯ ಮಾತೆತ್ತಿದಳು. ಎಲ್ಲರೂ ಒಪ್ಪಿದ ನಾಲ್ಕಾರು ಸಾಲು ಪದ್ಯವಾಗಿರಲಿ, ಉಳಿದದ್ದೆಲ್ಲ ಅರ್ಥವಾಗಿರಲಿ ಎಂದಳು. ಕಥೆ ಬರೆಯಲು, ಚಿತ್ರಕಥೆ ಮಾಡಲು, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡಲು ಲೋಕವೊಂದು ಬೇಕೆನ್ನುವವರಿಗಾಗಿ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದ ಮೇಲೆ ಇಂಥ ಆಟ ಅನೇಕ ದೇಶಗಳಲ್ಲಿ ಹವ್ಯಾಸವಾಗಿ ಬೆಳೆದಿದೆ. ಅಲ್ಲಿ ಸಾಮಾನ್ಯವಾಗಿ ಆಟ ನಡೆಸುವವರೊಬ್ಬರೇ ಲೋಕದ ಒಡೆಯರು, ಉಳಿದವರು ಅದರೊಳಗೆ ಓಡಾಡುವವರು. ಇಲ್ಲಿ ಹೇಳುವ ಕ್ರಮದಲ್ಲಿ ಎಲ್ಲರಿಗೂ ಒಡೆತನವಿದೆ.

ಮೊದಲು ಕೂಟ

ನಾಲ್ಕೈದು ಜನ ಸಾಕು. ಆರು ದಾಟಿದರೆ ಇಬ್ಬರು ಸುಮ್ಮನಾಗಿಬಿಡುತ್ತಾರೆ. ಬೇರೆ ಬೇರೆ ಸೀಮೆಯವರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮಲ್ಲಿ ಕುಂದಾಪುರ, ತೀರ್ಥಹಳ್ಳಿ, ರಾಯಚೂರು ಕಡೆಯವರು ಒಬ್ಬೊಬ್ಬರು, ಗಣಿತದ ಮೇಷ್ಟ್ರೊಬ್ಬರು, ಮತ್ತೆ ನಾನು. ಒಂದು ಕೂಟಕ್ಕೆ ಎರಡು ಗಂಟೆ. ಪ್ರತಿ ಸಲ ಒಬ್ಬರು ಭಾಗವತರಾಗಬೇಕು. ಆರಂಭದಲ್ಲಿ ಪದ್ಯಗಳನ್ನು ಗಟ್ಟಿಯಾಗಿ ಓದುವುದು, ಯಾರ ಮಾತೂ ಅರ್ಧಕ್ಕೆ ತುಂಡಾಗದಂತೆ ನೋಡುವುದು, ಹೊಸದಾಗಿ ಹುಟ್ಟಿದ್ದನ್ನು ಬರೆದಿಡುವುದು ಅವರ ಕೆಲಸ. ಆ ದಿನ ಅವರು ಅರ್ಥ ಹೇಳುವ ಹಾಗಿಲ್ಲ.

ಐದು ಪದ್ಯ

ಮೊದಲ ಕೂಟದಲ್ಲಿ ಇಷ್ಟೇ ಕೆಲಸ: ತಲಾ ಒಂದರಂತೆ ಐದು ವಾಕ್ಯ. ಎಲ್ಲರೂ ತಲೆಯಾಡಿಸಿದ ಮೇಲೆ ಅವು ಬದಲಾಗುವುದಿಲ್ಲ. ಪದ್ಯವಾಗುವ ಯೋಗ್ಯತೆ ಎಲ್ಲ ವಾಕ್ಯಕ್ಕೂ ಇಲ್ಲ. ಆ ಲೋಕದ ಅರಸನಿಗೂ ದನ ಕಾಯುವ ಹುಡುಗನಿಗೂ ಅದು ಸಮನಾಗಿ ಕಾಣುವಂಥದ್ದಾಗಿರಬೇಕು. ಅದರಲ್ಲಿ ‘ಯಾಕೆ’ ಇರಬಾರದು, ‘ಯಾಕೆ’ ಎಂಬುದು ಅರ್ಥಕ್ಕೆ ಸೇರಿದ್ದು. ‘ಚಂದ್ರದೇವಿ ಅತ್ತಿದ್ದರಿಂದ ಸಮುದ್ರ ಉಪ್ಪಾಯಿತು’ ಎಂಬುದು ಪದ್ಯವಲ್ಲ, ಯಾರೋ ಒಬ್ಬರ ಅರ್ಥ. ‘ಸಮುದ್ರ ಉಪ್ಪು’ ಎಂಬುದು ಪದ್ಯ. ಆದಷ್ಟೂ ಅಂಕಿ ಇರಲಿ. ಅಂಕಿಯಿಂದ ಏನೇನು ಹುಟ್ಟುತ್ತದೆ ಎಂದು ಮುಂದೆ ನೋಡುವಿರಂತೆ.

ನಮ್ಮ ಐದು ಪದ್ಯಗಳು ಇವು. ವರ್ಷಕ್ಕೆ 360 ದಿನ. ಆಕಾಶದಲ್ಲಿ ಇಬ್ಬರು ಚಂದ್ರರು: ಹಿರಿಯನಿಗೆ ಹುಣ್ಣಿಮೆಯಿಂದ ಹುಣ್ಣಿಮೆಗೆ 30 ದಿನ, ಕಿರಿಯನಿಗೆ 24. ಮಳೆ ಯಾವಾಗಲೂ ಬೆಟ್ಟದಿಂದ ಇಳಿದು ಬರುತ್ತದೆ. ಕಬ್ಬಿಣ ಆ ನೆಲದಲ್ಲಿ ಸಿಗುವುದಿಲ್ಲ. ಸತ್ತವರ ನೆರಳು ಸತ್ತ ಜಾಗದಲ್ಲೇ ಮೂರು ದಿನ ಉಳಿಯುತ್ತದೆ.

ದೇವರುಗಳು ಇದರಲ್ಲಿ ಇಲ್ಲವೆಂಬುದನ್ನು ಗಮನಿಸಿ. ಲೋಕಕ್ಕೆ ಸೃಷ್ಟಿಕರ್ತ ಇರಲೇಬೇಕು ಎಂಬುದನ್ನು ಕೇಳದೆಯೇ ಒಪ್ಪಿಬಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಜೈನರ ಲೋಕವಿಚಾರ ಓದಿದರೆ ಆ ಅಭ್ಯಾಸ ಸಡಿಲುತ್ತದೆ. ಅಲ್ಲಿ ಲೋಕವನ್ನು ಯಾರೂ ಮಾಡಿಲ್ಲ. ಕಾಲಚಕ್ರ ಆರು ಅರಗಳಲ್ಲಿ, ಅಂದರೆ ಆರು ಕಾಲಘಟ್ಟಗಳಲ್ಲಿ, ಇಳಿಯುತ್ತದೆ, ಆರು ಅರಗಳಲ್ಲಿ ಏರುತ್ತದೆ, ಹಾಗೇ ತಿರುಗುತ್ತಿರುತ್ತದೆ. ಜಂಬೂದ್ವೀಪಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು. ಮೇರುವನ್ನು ಸುತ್ತುವ ಸೂರ್ಯರು ಸರದಿಯಂತೆ ಬರುವುದರಿಂದ ಇವತ್ತು ಕಂಡ ಸೂರ್ಯ ನಾಳೆ ಕಾಣುವವನಲ್ಲ. ಕನ್ನಡದ ಮೊದಲ ದೊಡ್ಡ ಕವಿಗಳಲ್ಲಿ ಹಲವರು ಈ ಆಕಾಶವನ್ನು ನಂಬಿದವರು ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಮೈ ನವಿರೇಳುತ್ತದೆ. ಇನ್ನು ಪುರಾಣಗಳ ಏಳು ಸಮುದ್ರಗಳಲ್ಲಿ ಉಪ್ಪುನೀರಿನದು ಒಂದೇ. ಉಳಿದವು ಕಬ್ಬಿನ ಹಾಲು, ಸುರೆ, ತುಪ್ಪ, ಮೊಸರು, ಹಾಲು ಮತ್ತು ಸಿಹಿನೀರಿನವು. ಹೊಸ ಲೋಕ ಕಟ್ಟುವ ಧೈರ್ಯಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ.

ಆಕಾಶದ ಲೆಕ್ಕ

ಎರಡನೇ ಕೂಟಕ್ಕೆ ಒಂದು ಚೌಕುಳಿ ಪುಸ್ತಕ ತನ್ನಿ. ಪದ್ಯದಲ್ಲಿರುವ ಅಂಕಿಗಳನ್ನು ಹಾಳೆಯ ಮೇಲೆ ಹರಡಿ. ಈ ಕೆಲಸ ಒಣಗಣಿತ ಎಂದು ಬಿಟ್ಟುಬಿಡುವವರು ಹೆಚ್ಚು, ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಫಲ ಕೊಟ್ಟ ಹೆಜ್ಜೆ.

ಇಬ್ಬರು ಚಂದ್ರರಿಗೂ ಹುಣ್ಣಿಮೆಯಾದ ಒಂದು ದಿನವನ್ನು ಸೊನ್ನೆ ಎಂದಿಟ್ಟುಕೊಂಡೆವು. ಕಿರಿಯನ ಹುಣ್ಣಿಮೆ 24, 48, 72, 96, 120ನೇ ದಿನ. ಹಿರಿಯನದು 30, 60, 90, 120ನೇ ದಿನ. ಅಂದರೆ ಜೋಡಿ ಹುಣ್ಣಿಮೆ 120 ದಿನಕ್ಕೊಮ್ಮೆ, ವರ್ಷಕ್ಕೆ ಮೂರು ಸಲ. ಇಷ್ಟು ಎಲ್ಲರಿಗೂ ಹೊಳೆಯಿತು. ಮೇಷ್ಟ್ರು ಮಾತ್ರ ಪೆನ್ಸಿಲ್ ಕೆಳಗಿಡಲಿಲ್ಲ. ಅಮಾವಾಸ್ಯೆಗಳನ್ನು ಬರೆಯತೊಡಗಿದರು. ಕಿರಿಯನದು 12, 36, 60, 84, 108. ಹಿರಿಯನದು 15, 45, 75, 105. ಬರೆಯುತ್ತ ಬರೆಯುತ್ತ ಕೈ ನಿಂತಿತು. ಕಿರಿಯನ ಅಮಾವಾಸ್ಯೆ ಯಾವಾಗಲೂ ಸಮಸಂಖ್ಯೆಯ ದಿನ, ಹಿರಿಯನದು ಯಾವಾಗಲೂ ಬೆಸಸಂಖ್ಯೆಯ ದಿನ. ಎಷ್ಟು ಸಾವಿರ ವರ್ಷ ಎಣಿಸಿದರೂ ಎರಡೂ ಒಂದೇ ದಿನ ಬರುವಂತಿಲ್ಲ.

ರಾಯಚೂರಿನ ಗೆಳೆಯ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ. “ಅಲ್ರೀ ಸರ, ಇಬ್ಬರೂ ಒಂದ ದಿನ ಮಾಯ ಆಗೂದ ಇಲ್ಲಂದ್ರ, ಈ ಮಂದಿಗೆ ಅಮಾಸಿ ಅನ್ನೂ ಮಾತ ಇರೂದಿಲ್ಲಲ್ರೀ!” ಅಂದ.

ಆ ಮಾತಿನಿಂದ ಆ ಲೋಕದ ಮೊದಲ ಭಯ ಹುಟ್ಟಿತು. ಇಬ್ಬರು ಚಂದ್ರರೂ ಒಟ್ಟಿಗೆ ಕಣ್ಮುಚ್ಚುವ ದಿನ ಲೋಕ ಮುಗಿಯುತ್ತದೆ ಎಂದು ಅಲ್ಲಿಯ ಅಜ್ಜಿಯರು ಹೇಳುತ್ತಾರೆ. ಆ ದಿನ ಬರುವುದೇ ಇಲ್ಲ ಎಂಬುದು ಲೆಕ್ಕ ಬಲ್ಲ ಕೆಲವರಿಗೆ ಮಾತ್ರ ಗೊತ್ತು. ಅವರು ಆ ಗುಟ್ಟನ್ನು ಬಿಟ್ಟುಕೊಡುವರೋ, ಭಯವನ್ನೇ ಬಂಡವಾಳ ಮಾಡಿಕೊಳ್ಳುವರೋ ಎಂಬುದು ಒಂದು ಕಾದಂಬರಿಗೆ ಆಗುವಷ್ಟು ವಸ್ತು. ನಾವ್ಯಾರೂ ಅದನ್ನು ಯೋಚಿಸಿ ಮಾಡಿದ್ದಲ್ಲ, 24 ಮತ್ತು 30ರ ಒಳಗೇ ಅಡಗಿತ್ತು.

ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ಭೂಮಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಭರತ, ಅಂದರೆ ಸಮುದ್ರದ ಉಬ್ಬರ, ಜೋರಾಗಿರುತ್ತದೆ. ಅಲ್ಲಿ ಜೋಡಿ ಹುಣ್ಣಿಮೆಗೆ ಇಬ್ಬರು ಚಂದ್ರರೂ ಆ ಸಾಲಿಗೆ ಬಂದರೆ ಸಮುದ್ರ ಊರೊಳಗೇ ಬರುತ್ತದೆ. 60ನೇ ದಿನ ಹಿರಿಯನ ಹುಣ್ಣಿಮೆ, ಕಿರಿಯನ ಅಮಾವಾಸ್ಯೆ. ಆಗಲೂ ಎಲ್ಲರೂ ಒಂದೇ ಸಾಲು, ಆಗಲೂ ಅಷ್ಟೇ ಭರತ. ಹಾಗಾದರೆ ದಂಡೆಯವರಿಗೆ ನೀರು 60 ದಿನಕ್ಕೊಮ್ಮೆ ಏರುತ್ತದೆ, ವರ್ಷಕ್ಕೆ ಆರು ಸಲ. ಅವರು ವಯಸ್ಸನ್ನೂ ‘ಏರು’ಗಳಲ್ಲೇ ಎಣಿಸುತ್ತಾರೆ: ‘ಮಗುವಿಗೆ ಒಂಬತ್ತು ಏರು’ ಎಂದರೆ ಒಂದೂವರೆ ವರ್ಷ.

ಬೆಟ್ಟದವರಿಗೆ ಸಮುದ್ರದ ಗೊಡವೆಯಿಲ್ಲ, ಅವರು ನೋಡುವುದು ನೆರಳನ್ನು. ಇಬ್ಬರು ಚಂದ್ರರು ಆಕಾಶದಲ್ಲಿ ಬೇರೆ ಬೇರೆ ಕಡೆ ಇದ್ದ ರಾತ್ರಿ ಪ್ರತಿಯೊಬ್ಬರಿಗೂ ಎರಡು ನೆರಳು. ಜೋಡಿ ಹುಣ್ಣಿಮೆಯ ರಾತ್ರಿ ಇಬ್ಬರೂ ಒಂದೇ ದಿಕ್ಕಿನಲ್ಲಿರುವುದರಿಂದ ನೆರಳುಗಳು ಒಂದರ ಮೇಲೊಂದು ಬಿದ್ದು ಒಂದಾಗುತ್ತವೆ. ತೀರ್ಥಹಳ್ಳಿಯ ಗೆಳತಿ ಒಡನೆಯೇ ಹೇಳಿದಳು: “ಹಾಗಾದ್ರೆ ಮದುವೆ ಆವತ್ತೇ. ಬೇರೆ ದಿನ ಧಾರೆ ಎರೆದ್ರೆ ಕೂಡಿ ಬಾಳಲ್ಲ ಅಂತ ನಂಬ್ಕೆ.” ಹೀಗೆ ಬೆಟ್ಟದಲ್ಲಿ ವರ್ಷಕ್ಕೆ ಮೂರೇ ಮುಹೂರ್ತ. ಅದೇ ಮೂರು ರಾತ್ರಿ ದಂಡೆಯವರು ಒಲೆ, ಪಾತ್ರೆ, ಮಕ್ಕಳನ್ನು ಹೊತ್ತು ಎತ್ತರದ ಜಾಗಕ್ಕೆ ಹೋಗಿರುತ್ತಾರೆ. ಬೆಟ್ಟಕ್ಕೆ ಕೊಟ್ಟ ದಂಡೆಯ ಹೆಣ್ಣಿನ ಮದುವೆಗೆ ತವರಿನವರು ಒಬ್ಬರೂ ಬರಲಾರರು. ಆಕಾಶವೇ ಹೂಡಿದ ಈ ಸಂಕಟವನ್ನು ಒಬ್ಬರೇ ಕೂತಿದ್ದರೆ ಯಾರೂ ಕಂಡುಹಿಡಿಯುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಸೀಮೆ ಹಂಚಿಕೊಂಡು ಅರ್ಥ ಹೇಳುವುದು

ಈಗ ಪ್ರತಿಯೊಬ್ಬರೂ ಒಂದು ಜನವನ್ನು ತೆಗೆದುಕೊಳ್ಳಲಿ. ನಮ್ಮಲ್ಲಿ ದಂಡೆಯವರು, ಬೆಟ್ಟದವರು, ಬಯಲಿನವರು ಎಂದು ಮೂರಾದವು. ಒಂದು ಕೂಟಕ್ಕೆ ಒಂದೇ ಪದ್ಯ. ಭಾಗವತರು ಪದ್ಯ ಓದುತ್ತಾರೆ, ಒಬ್ಬೊಬ್ಬರೂ ತಮ್ಮ ಜನದ ಬಾಯಿಂದ ಅರ್ಥ ಹೇಳುತ್ತಾರೆ. ಹೇಳುವಾಗ ‘ನಾವು’ ಎಂದೇ ಹೇಳಬೇಕು. ‘ಬಯಲಿನವರು ಹೀಗೆ ನಂಬುತ್ತಾರೆ’ ಎಂದು ಹೊರಗೆ ನಿಂತು ಹೇಳಿದರೆ ಮಾತು ವರದಿಯಾಗುತ್ತದೆ. ‘ನಮ್ಮ ಹಿರಿಯರು ಹಿಂಗ ಹೇಳ್ತಿದ್ರು’ ಎಂದು ಶುರುಮಾಡಿದರೆ ಅಜ್ಜನೊಬ್ಬ ಬಂದು ಕೂತ ಹಾಗೆ ಆಗುತ್ತದೆ.

ಸತ್ತವರ ನೆರಳಿನ ಪದ್ಯಕ್ಕೆ ಬಂದ ಅರ್ಥಗಳನ್ನು ಕೇಳಿ. ದಂಡೆಯವರು ಹೇಳಿದರು: ಉಸಿರು ಸಮುದ್ರ ಕೊಟ್ಟ ಕಡ, ನೆರಳು ಎಂದರೆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂಬ ಗುರುತು, ಅದು ಹೋಗುವ ತನಕ ಆ ಮನೆಯೊಳಗೆ ಕಾಲಿಡಬಾರದು, ಒಲೆ ಉರಿಯಬಾರದು. ಬೆಟ್ಟದವರು ಹೇಳಿದರು: ದೂರ ಹೊರಟವರು ದಣಿವಾರಿಸಿಕೊಳ್ಳಲು ಕೂತಿದ್ದಾರೆ, ಎಲೆ ಹಾಕಿ ಬಡಿಸಿ, ಬದುಕಿದ್ದಾಗ ಹೇಳಲಾಗದ್ದನ್ನು ಈಗ ಹೇಳಿ, ಅವರು ಕೇಳಿಸಿಕೊಳ್ಳುತ್ತಾರೆ, ಎದುರಾಡುವುದಿಲ್ಲ. ಬಯಲಿನವರು ಹೇಳಿದರು: ನೆರಳು ಸಾಕ್ಷಿ. ಕೊಡುವವರು, ಕೊಳ್ಳುವವರು ಮೂರು ದಿನದೊಳಗೆ ಅದರ ಮುಂದೆ ಬಂದು ಬಾಕಿ ಹೇಳಬೇಕು. ಸುಳ್ಳು ಹೇಳಿದವನು ಸತ್ತಾಗ ಅವನ ನೆರಳು ಉಳಿಯುವುದಿಲ್ಲ.

ಮೂರರಲ್ಲಿ ಯಾವುದು ಸರಿ ಎಂದು ಎಲ್ಲಿಯೂ ಬರೆಯಬೇಡಿ. ಗೆಳೆಯರ ನಡುವಿನ ಹರಟೆಯಲ್ಲೂ ತೀರ್ಮಾನಿಸಬೇಡಿ. ನಮ್ಮ ನಾಡಿನ ಮೌಖಿಕ ಕಾವ್ಯಗಳನ್ನೇ ನೋಡಿ. ಮಂಟೇಸ್ವಾಮಿಯನ್ನು ಹಾಡುವ ನೀಲಗಾರರು, ಮಾದೇಶ್ವರನನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರು, ಮೇಳದಿಂದ ಮೇಳಕ್ಕೆ ಸಾಲು ಬದಲಿಸುತ್ತಾರೆ. ಅದರಿಂದ ಆ ಕಾವ್ಯಗಳು ಕೆಡಲಿಲ್ಲ, ಬೆಳೆದವು. ಒಂದೇ ಬಾಯಿಂದ ಬಂದ ಪುರಾಣ ಎಷ್ಟೇ ಚೆಂದವಿದ್ದರೂ ಅದರಲ್ಲಿ ಒಂದೇ ಸೀಮೆಯ ಮಣ್ಣಿನ ವಾಸನೆ ಇರುತ್ತದೆ.

ನಂಬಿಕೆ ಅಡುಗೆಮನೆಗೆ ಇಳಿಯಬೇಕು

ಕಲ್ಪಿತ ಲೋಕಗಳು ಸಪ್ಪೆಯಾಗುವುದು ಹೆಚ್ಚಾಗಿ ಇಲ್ಲೇ. ಮೇಲೆ ಭವ್ಯವಾದ ಸೃಷ್ಟಿಕಥೆ, ಕೆಳಗೆ ಎಲ್ಲರೂ ಒಂದೇ ಥರದ ರೊಟ್ಟಿ ತಿನ್ನುತ್ತ, ಒಂದೇ ಥರದ ಬಟ್ಟೆ ತೊಟ್ಟು, ಒಂದೇ ಥರ ಕೈ ಮುಗಿಯುತ್ತಿರುತ್ತಾರೆ. ಎರಡರ ನಡುವೆ ಏಣಿ ಇಲ್ಲ.

ಏಣಿ ಹೇಗಿರುತ್ತದೆ ಎಂದು ತಿಳಿಯಲು ನಮ್ಮ ಸುತ್ತಲನ್ನೇ ನೋಡಬಹುದು. ಭೂಮಿ ಹೆಣ್ಣು ಎಂಬುದು ಒಂದು ಪದ್ಯ ಎಂದುಕೊಳ್ಳಿ. ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ ಮೂರು ದಿನ ಕೆಡ್ಡಸ. ಭೂಮಿ ತಾಯಿ ಮುಟ್ಟಾಗಿದ್ದಾಳೆ ಎಂದು ಆ ದಿನಗಳಲ್ಲಿ ಉಳುವುದಿಲ್ಲ, ಅಗೆಯುವುದಿಲ್ಲ. ಮಲೆನಾಡಿನಲ್ಲಿ ಆಶ್ವಯುಜದ ಹುಣ್ಣಿಮೆ ಭೂಮಿ ಹುಣ್ಣಿಮೆ. ಪೈರು ಹೊಡೆ ತುಂಬಿ ನಿಂತ ಗದ್ದೆ ಬಸುರಿ, ಅವಳಿಗೆ ಬಯಕೆ ಬಡಿಸಬೇಕು. ನಮ್ಮ ತೀರ್ಥಹಳ್ಳಿಯ ಗೆಳತಿ ಚಿಕ್ಕವಳಿದ್ದಾಗ ಕಂಡದ್ದನ್ನು ಹೇಳಿದಳು: ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ, ರಾತ್ರಿಯೆಲ್ಲ ಬೆಂದ ಬೆರಕೆ ಸೊಪ್ಪಿನ ವಾಸನೆ, ಬೆಳಗಾಗುವ ಮೊದಲೇ ದೊಂದಿ ಹಿಡಿದು ಗದ್ದೆಗೆ ಹೊರಟ ಅಪ್ಪ, ಉಂಡು ಹೋಗು ತಾಯಿ ಎಂದು ಕತ್ತಲಲ್ಲಿ ಕೇಳುವ ಕೂಗು. ನಂಬಿಕೆ ಒಂದೇ, ಭೂಮಿ ಹೆಣ್ಣು. ಕರಾವಳಿಯಲ್ಲಿ ಅದು ನೇಗಿಲಿಗೆ ರಜೆಯಾಯಿತು, ಘಟ್ಟದ ಮೇಲೆ ಬುಟ್ಟಿಯ ಚಿತ್ತಾರವೂ ಸೊಪ್ಪಿನ ಪಲ್ಯವೂ ಆಯಿತು.

ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುತ್ತಾರೆ. ಕೊಡಗಿನ ಬಲಮುರಿಯಲ್ಲಿ ಕಾವೇರಿ ರಭಸದಿಂದ ಹರಿದಾಗ ಅವಳನ್ನು ತಡೆಯಲು ನಿಂತವರ ನೆರಿಗೆ ಹಿಂದಕ್ಕೆ ತಿರುಗಿತು ಎಂಬುದು ಅವರ ಐತಿಹ್ಯ. ಒಂದು ನದಿಯ ಕಥೆ ಆ ಸೀರೆ ಉಡುತ್ತ ಸೊಂಟದ ಹತ್ತಿರ ಕೈಯಾಡಿಸುವಾಗ ನೆನಪಾಗುತ್ತದೆ. ಇಂಥ ಒಂದು ವಿವರ ಸಿಕ್ಕರೆ ಹತ್ತು ಪುಟದ ವಂಶಾವಳಿ ಬೇಡ.

ಮಳೆ ನಕ್ಷತ್ರಗಳನ್ನೂ ನೋಡಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅದು ಪಂಚಾಂಗದ ಲೆಕ್ಕ. ರೈತರ ಬಾಯಲ್ಲಿ ಅದೇ ಮಳೆಯ ಹೆಸರಾಯಿತು, ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬ ಗಾದೆಯಾಯಿತು. ಆಕಾಶ, ಬೀಜ, ಗಾದೆ: ಮೂರೇ ಮೆಟ್ಟಿಲು.

ನಿಮ್ಮ ಲೋಕದಲ್ಲಿ ಹೀಗೆ ಇಳಿಯಲು ಪ್ರತಿ ಅರ್ಥದ ಮುಂದೆಯೂ ಕೆಲವು ಪ್ರಶ್ನೆ ಇಡಿ. ಇದನ್ನು ನಂಬುವವರು ಯಾವ ದಿನ ಯಾವ ಕೆಲಸ ಮಾಡುವುದಿಲ್ಲ? ಆ ದಿನ ಏನು ಬೇಯುತ್ತದೆ, ಏನು ಬೇಯುವುದಿಲ್ಲ? ಮನೆಯ ಬಾಗಿಲು ಯಾವ ದಿಕ್ಕಿಗಿದೆ? ಮಗುವಿಗೆ ಮೊದಲು ಕಲಿಸುವ ಎಚ್ಚರಿಕೆ ಯಾವುದು? ನಮ್ಮ ದಂಡೆಯವರ ಮನೆಯಲ್ಲಿ ಸಾವಾದಾಗ ಒಲೆ ಉರಿಯುವುದಿಲ್ಲ ಎಂದಾಗಿತ್ತಲ್ಲ, ಹಾಗಾದರೆ ಮೂರು ದಿನ ಆ ಮನೆಯವರಿಗೆ ಊಟ ಯಾರು ಕೊಡುತ್ತಾರೆ ಎಂದು ಕೇಳಿಕೊಂಡೆವು. ಅಕ್ಕಪಕ್ಕದವರು. ಬಿಸಿಯಡುಗೆ ತರುವಂತಿಲ್ಲ, ಬೆಂಕಿ ತಂದ ಹಾಗಾಗುತ್ತದೆ. ಹಾಗಾಗಿ ನೆನೆಸಿದ ಅವಲಕ್ಕಿ, ಒಣಮೀನು, ತೆಂಗಿನಕಾಯಿ. ಆಮೇಲೆ ದಂಡೆಯಲ್ಲಿ ಯಾರಾದರೂ ಒಣಮೀನು ಕಾಯಿ ಒಟ್ಟಿಗೆ ಹಿಡಿದು ರಸ್ತೆಯಲ್ಲಿ ಹೋದರೆ ಎದುರಾದವರು ದನಿ ತಗ್ಗಿಸಿ ‘ಯಾರ ಮನೆಗೆ?’ ಎಂದು ಕೇಳುತ್ತಾರೆ ಎಂದಾಯಿತು. ಈ ಒಂದು ಪ್ರಶ್ನೆ ಬರೆದುಕೊಂಡ ದಿನ ಆ ರಸ್ತೆಯಲ್ಲಿ ನಾವೇ ನಡೆದಂತೆ ಅನ್ನಿಸಿತು.

ಹೆಸರು ಮತ್ತು ಬೈಗುಳ

ಹೆಸರಿಡುವಾಗ ಎಲ್ಲರ ಕೈಯೂ ಸಂಸ್ಕೃತಕ್ಕೆ ಹೋಗುತ್ತದೆ: ಅಗ್ನಿಪುರ, ಚಂದ್ರಗಿರಿ. ಮೂರು ಜನಕ್ಕೂ ಒಂದೇ ಥರದ ಹೆಸರು ಬಂದರೆ ಅರ್ಥ ಹೇಳಲು ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಊರಿನ ಹೆಸರುಗಳ ಬಾಲವನ್ನು ಜನಕ್ಕೊಂದರಂತೆ ಗೊತ್ತು ಮಾಡಿ. ಬೆಂಗಳೂರಿನ ಸುತ್ತ ಸಿಂಗಸಂದ್ರ, ಬೊಮ್ಮಸಂದ್ರ ಎಂದು ಕೇಳುತ್ತೇವಲ್ಲ, ಆ ಸಂದ್ರ ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಕೆರೆ ಬತ್ತಿದರೂ ಹೆಸರಿನಲ್ಲಿ ನೀರು ಉಳಿದಿದೆ. ನಮ್ಮ ದಂಡೆಯಲ್ಲಿ ಪ್ರತಿ ಊರಿಗೂ ಏರಿನ ದಿನ ಹತ್ತಿಕೊಳ್ಳುವ ಎತ್ತರದ ಜಾಗವೊಂದು ಇರಲೇಬೇಕು, ಅದಕ್ಕೆ ಊರಿನ ಹೆಸರಿಗೆ ‘ಮೇಲು’ ಸೇರಿಸಿ ಕರೆಯುತ್ತಾರೆ. ಕೆಳಗಿನ ಊರು ನೀರುಪಾಲಾಗಿ ಹೆಸರಿನಲ್ಲಿ ‘ಮೇಲು’ ಮಾತ್ರ ಉಳಿದ ಜಾಗಗಳೂ ಇವೆ.

ಬೈಗುಳವನ್ನು ಮರೆಯಬೇಡಿ. ಜನ ಯಾವುದಕ್ಕೆ ಹೇಸುತ್ತಾರೆ ಎಂಬುದು ಪ್ರಾರ್ಥನೆಗಿಂತ ಬೈಗುಳದಲ್ಲಿ ಸ್ಪಷ್ಟ. ಬೆಟ್ಟದಲ್ಲಿ ನಂಬಿಕೆಗೆಟ್ಟವನು ‘ಎರಡು ನೆರಳಿನವ’. ಬಯಲಿನಲ್ಲಿ ಅದಕ್ಕಿಂತ ದೊಡ್ಡ ಮಾತು ‘ನೆರಳು ಉಳಿಯದವ’, ಅಂದರೆ ಸುಳ್ಳು ಸಾಕ್ಷಿ ಹೇಳಿದವನು. ಅದನ್ನು ಅಂದರೆ ಪಂಚಾಯಿತಿಯೇ ಸೇರುತ್ತದೆ.

ಎರವಲು ಪಡೆಯುವಾಗ

ಇದನ್ನು ಒತ್ತಿ ಹೇಳಬೇಕು. ನಮ್ಮ ಸುತ್ತ ಇರುವ ದೈವಗಳು, ಕೋಲ, ಕರಗ ಇವೆಲ್ಲ ಕಥೆಯ ಸಾಮಗ್ರಿಗಳಲ್ಲ, ಜನ ಬದುಕಿ ನಂಬುವಂಥವು. ದೈವದ ಹೆಸರನ್ನು ತೆಗೆದು ರಾಕ್ಷಸನಿಗೆ ಇಡುವುದು, ಯಾರದೋ ಮನೆಯ ಆರಾಧನೆಯನ್ನು ಆಟದ ಶಕ್ತಿಯಾಗಿ ಮಾಡುವುದು ನೋವು ಕೊಡುವ ಕೆಲಸ. ಹೆಸರು, ವೇಷ, ಮಂತ್ರ ಇವನ್ನು ಮುಟ್ಟಬೇಡಿ. ಕಲಿಯಬೇಕಾದದ್ದು ಒಳಗಿನ ಸಂಬಂಧವನ್ನು: ನೊಂದು ಸತ್ತವರು ನ್ಯಾಯ ಕೊಡುವವರಾಗುತ್ತಾರೆ, ಊರಿನ ದೊಡ್ಡವರೂ ಒಂದು ರಾತ್ರಿ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಾರೆ ಎಂಬಂಥದ್ದು. ಆ ಸಂಬಂಧ ನಿಮ್ಮ ಲೋಕದ ಪದ್ಯದಿಂದಲೇ ಹುಟ್ಟಿದರೆ ಅದು ಎರವಲಾಗಿ ಉಳಿಯುವುದಿಲ್ಲ. ಗುಂಪಿನಲ್ಲಿ ಆ ಆಚರಣೆಯೊಳಗೇ ಬೆಳೆದವರಿದ್ದರೆ ಅವರು ಬೇಡ ಎಂದದ್ದು ಬೇಡ, ಕಾರಣ ಕೇಳಬಾರದು.

ಜಗಳ, ಬರಹ

ಕೂಟಕ್ಕೊಂದು ಸಲ ಯಾರು ಬೇಕಾದರೂ ‘ಒಲ್ಲೆ’ ಎನ್ನಬಹುದು. ಅಂದಮೇಲೆ ಆ ವಿಷಯ ಆ ದಿನಕ್ಕೆ ಮುಗಿಯಿತು, ಮುಂದಿನ ಸಲ ಬೇಕಾದರೆ ಬೇರೆ ರೂಪದಲ್ಲಿ ಬರಲಿ. ಬರೆದಿಡಲು ಗೂಗಲ್ ಡಾಕ್‌ನಲ್ಲಿ ಮೂರು ಭಾಗ ಸಾಕು: ಪದ್ಯ, ಅರ್ಥ, ಗಾಳಿಮಾತು. ಯಾರೋ ಹೇಳಿದ, ಇನ್ನೂ ಯಾವ ಜನಕ್ಕೂ ಸೇರದ ಮಾತುಗಳೆಲ್ಲ ಗಾಳಿಮಾತಿಗೆ. ಅರ್ಥದ ಭಾಗದಲ್ಲಿ ಪ್ರತಿ ಸಾಲಿನ ಹಿಂದೆ ಹೇಳಿದವರು ಯಾರು ಎಂದಿರಬೇಕು, ‘ದಂಡೆಯ ಅಜ್ಜಿ’, ‘ಬಯಲಿನ ವ್ಯಾಪಾರಿ’ ಎಂಬಂತೆ. ಹೇಳಿದವರ ಗುರುತಿಲ್ಲದ ಸಾಲು ನಿಧಾನವಾಗಿ ಸತ್ಯವಾಗಿಬಿಡುತ್ತದೆ, ಮೊದಲ ಸಲ ನಾವು ಎಡವಿದ್ದೂ ಅಲ್ಲೇ. ಮನೆಯಲ್ಲಿ ಕೂತು ಒಬ್ಬರೇ ಎಷ್ಟು ಬೇಕಾದರೂ ಬರೆಯಬಹುದು, ಆದರೆ ತಮ್ಮ ಜನದ ಬಗ್ಗೆ ಮಾತ್ರ.

ಒಂದು ದಿನ ನಡೆಸಿ ನೋಡುವುದು

ಏಳೆಂಟು ಕೂಟಗಳಾದ ಮೇಲೆ ಹೊಸದನ್ನು ಸೇರಿಸುವುದು ನಿಲ್ಲಿಸಿ. ಒಂದು ಸಾವು, ಒಂದು ಮದುವೆ ಅಥವಾ ಒಂದು ಸಂತೆ ಆಯ್ದು, ಮೂರು ಜನವೂ ಒಂದೇ ಜಾಗಕ್ಕೆ ಬಂದು ನಿಲ್ಲುವಂತೆ ಮಾಡಿ. ಯುದ್ಧ ಬೇಡ. ಯುದ್ಧದಲ್ಲಿ ಎಲ್ಲರೂ ಒಂದೇ ಥರ ನಡೆದುಕೊಳ್ಳುತ್ತಾರೆ.

ನಾವು ಆಯ್ದದ್ದು ಸಾವನ್ನು. ದಂಡೆಯ ಒಣಮೀನು ವ್ಯಾಪಾರಿಯೊಬ್ಬ ಬಯಲಿನ ಊರೊಂದರ ಛತ್ರದಲ್ಲಿ ತೀರಿಕೊಳ್ಳುತ್ತಾನೆ. ಬಯಲಿನವನಾಗಿ ಕೂತ ರಾಯಚೂರಿನ ಗೆಳೆಯ ಒಡನೆಯೇ ಸಾಲ ಕೊಟ್ಟವರನ್ನು ಕರೆತಂದು ನೆರಳಿನ ಮುಂದೆ ಕೂರಿಸಿದ. ದಂಡೆಯ ಅಣ್ಣತಮ್ಮಂದಿರು ಬಂದರು, ಹೊಸ್ತಿಲು ದಾಟುವಂತಿಲ್ಲ, ಹೊರಗೆ ಜಗಲಿಯಲ್ಲಿ ಕೂತರು. ನೆರಳಿನ ಮುಂದೆ ಬಂದು ಬಾಕಿ ಒಪ್ಪದಿದ್ದರೆ ಸತ್ತವನು ಮೋಸಗಾರನಾಗುತ್ತಾನೆ. ಬಂದರೆ ಇವರ ಕಟ್ಟು ಮುರಿಯುತ್ತದೆ. ಎರಡು ದಿನ ಹೀಗೇ ಕಳೆಯಿತು. ಅರ್ಧ ಗಂಟೆ ಮಾತು ಬೆಳೆದರೂ ಯಾರೂ ಸೋಲಲಿಲ್ಲ, ಯಾಕೆಂದರೆ ಇಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದರು.

ಮೂರನೆಯ ದಿನ ಬೆಟ್ಟಕ್ಕೆ ಕೊಟ್ಟ ಮಗಳು ಬಂದಳು. ಅವಳ ಮಾತನ್ನು ಹುಟ್ಟಿದ ಮನೆಯ ಕಡೆಯಿಂದ ಕುಂದಾಪುರದ ಗೆಳತಿ, ಸೇರಿದ ಮನೆಯ ಕಡೆಯಿಂದ ತೀರ್ಥಹಳ್ಳಿಯ ಗೆಳತಿ ಸರದಿಯಂತೆ ಆಡಿದರು. ಮಗಳು ಒಳಗೂ ಹೋಗಲಿಲ್ಲ, ಹೊರಗೂ ಉಳಿಯಲಿಲ್ಲ. ಹೊಸ್ತಿಲಿನ ಈಚೆ, ಸಂಜೆಯ ಬಿಸಿಲಿಗೆ ಬೆನ್ನು ಮಾಡಿ ನಿಂತಳು. ಅವಳ ಉದ್ದನೆಯ ನೆರಳು 
ಹೊಸ್ತಿಲು ದಾಟಿ ಒಳಗೆ ಬಿದ್ದು ಅಪ್ಪನ ನೆರಳಿನೊಂದಿಗೆ ಸೇರಿಕೊಂಡಿತು. ಬಯಲಿನವರು ಅದನ್ನು ನೋಡಿ, ಬಾಕಿಯನ್ನು ಮಗಳು ಹೊತ್ತುಕೊಂಡಳು ಎಂದು ಎದ್ದು ಹೋದರು.

ಆ ದಿನ ನಾನು ಭಾಗವತ. ಅರ್ಥದ ಭಾಗದಲ್ಲಿ ‘ನೆರಳು ಕೂಡಿಸು’ ಎಂದು ಬರೆದು ಎರಡು ಸಾಲು ಇಳಿಸಿದೆ. ಬೆಟ್ಟದ ಸೋದರತ್ತೆ: ಮದುವೆ ಮಾಡು. ಬಯಲಿನ ಸಾಹುಕಾರ: ಇನ್ನೊಬ್ಬರ ಸಾಲವನ್ನು ತನ್ನದೆಂದು ಒಪ್ಪು. ದಂಡೆಯವರ ಹೆಸರಿನ ಮುಂದೆ ಜಾಗ ಬಿಟ್ಟಿದ್ದೇನೆ, ಕುಂದಾಪುರದ ಗೆಳತಿ ಮುಂದಿನ ಭಾನುವಾರ ಹೇಳುತ್ತಾಳಂತೆ.